ಮೊದಲ ಮಹಾಯುದ್ಧದ ಮುಯ್ಯಾಳುಗಳು

ಪ್ರಥಮ ಮಹಾಯುದ್ಧಕ್ಕೆ ತಕ್ಷಣದ ಕಾರಣವೇನು ಎಂದು ಕಿರುಪರೀಕ್ಷೆಯಲ್ಲಿ ಕೇಳಿದ್ದೆ. ಬಂದೂಕಿನ ತೋಟಾಗಳಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಿದ್ದು ಎಂದು ಹೆಚ್ಚುಕಡಿಮೆ ಇಡೀ ತರಗತಿ ಬರೆದುಕೊಟ್ಟಿತ್ತು. ಒಬ್ಬ ಮಹಾರಾಯ ಇನ್ನೂ ಮುಂದೆ ಹೋಗಿದ್ದ. ಆ ತೋಟಾವನ್ನು ಹಲ್ಲಿನಿಂದ ಕಚ್ಚಲು ಆಸ್ಟ್ರಿಯಾದ ಯುವರಾಜ ಒಪ್ಪಲಿಲ್ಲವಂತೆ, ಅದಕ್ಕೇ ಅವನನ್ನು ಸೆರಾಯೆವೊ ಎಂಬಲ್ಲಿ ಗುಂಡಿಟ್ಟು ಕೊಂದರಂತೆ. ಬಸ್ಸಿನಲ್ಲಿ ಕಂಬಿಗೆ ಒರಗಿ ನಿಂತು ಆ ಉತ್ತರವನ್ನು ಎರಡು ಸಲ ಓದಿದೆ. ಪಕ್ಕದಲ್ಲಿ ಸೊಪ್ಪಿನ ಗಂಟು ಹಿಡಿದು ನಿಂತಿದ್ದ ಹೆಂಗಸು ನನ್ನ ಮುಖ ನೋಡಿ, "ಯಾಕವ್ವಾ, ಉಸಾರಿಲ್ವಾ?" ಎಂದಳು.

"ಹುಷಾರಾಗೇ ಇದ್ದೀನಮ್ಮ. ಟೀಚರ್ ಕೆಲಸ" ಎಂದೆ. ಅವಳು ಅರ್ಥವಾಯಿತೆಂಬಂತೆ ತಲೆಯಾಡಿಸಿದಳು.

ನನ್ನ ಮೂಲ ಶಾಲೆ ಕವಲಂದೆ ಕಡೆಯದು, ಮನೆ ನಂಜನಗೂಡಿನಲ್ಲಿ. ಆ ವರ್ಷ ಡಿಸೆಂಬರಿನಲ್ಲಿ ನಿಯೋಜನೆ ಎಂಬ ಆದೇಶ ಬಂದು, ಟಿ. ನರಸೀಪುರದ ಆಚೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೆ ಹೋಗಿ ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಮುಗಿಸಿಕೊಡಬೇಕು ಎಂದಾಯಿತು. ಅಲ್ಲಿದ್ದ ಅತಿಥಿ ಶಿಕ್ಷಕರು ದಸರಾ ರಜೆ ಮುಗಿಯುತ್ತಲೇ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತೆಂದು ಹೊರಟುಹೋಗಿದ್ದರು. ಹೋಗುವ ಮುಂಚೆ ಮಕ್ಕಳ ಕೈಗೆ ಒಂದು ಅಚ್ಚು ಕೊಟ್ಟಿದ್ದರು. ಯಾವ ಯುದ್ಧ, ಯಾವ ದಂಗೆ, ಯಾವ ಕ್ರಾಂತಿ ಕೇಳಿದರೂ ರಾಜಕೀಯ ಕಾರಣ, ಆರ್ಥಿಕ ಕಾರಣ, ಸೈನಿಕ ಕಾರಣ, ತಕ್ಷಣದ ಕಾರಣ ಎಂದು ಸಾಲಾಗಿ ಬರೆದುಬಿಡುವುದು. ೧೮೫೭ರ ಪ್ರಶ್ನೆಗೆ ಅದು ಚೆನ್ನಾಗಿಯೇ ಕೂರುತ್ತಿತ್ತು. ಫ್ರೆಂಚರಿಗೂ ರಷ್ಯನ್ನರಿಗೂ ಅದನ್ನೇ ಹೊಡೆದು ಕೂರಿಸುತ್ತಿದ್ದರು.

ಬೆಳಗಿನ ವಿಶೇಷ ತರಗತಿಯಲ್ಲಿ ಇದರ ತಯಾರಿ ನಡೆಯುವುದನ್ನು ನಾನೇ ಕಂಡೆ. ಕ್ಲಾಸ್ ಲೀಡರ್ ಹುಡುಗಿ ಎದ್ದು ನಿಂತು ಗಟ್ಟಿಯಾಗಿ ಒಂದು ಸಾಲು ಹೇಳುತ್ತಾಳೆ, ಉಳಿದವರು ಒಟ್ಟಾಗಿ ಅದನ್ನೇ ಹೇಳುತ್ತಾರೆ. ಭಜನೆಮನೆಯಲ್ಲಿ ಹಾಡಿ ಪಳಗಿದ ಮಕ್ಕಳು, ರಾಗವೂ ತಪ್ಪದು, ತಾಳವೂ ತಪ್ಪದು. "ತಕ್ಷಣದ ಕಾರಣಾ..." ಎಂದು ಅವಳು ಎಳೆದರೆ ಸಾಕು, "ಕೊಬ್ಬು ಸವರಿದ ತೋಟಾ" ಎಂದು ಕೊಠಡಿಯೇ ಮೊಳಗುತ್ತಿತ್ತು. ಹಂಚಿನ ಮೇಲಿದ್ದ ಪಾರಿವಾಳಗಳು ಕೂಡ ಅಭ್ಯಾಸವಾಗಿ ಹಾರುವುದನ್ನು ಬಿಟ್ಟಿದ್ದವು.

ಮುಖ್ಯ ಶಿಕ್ಷಕರ ಬಳಿ ಹೋಗಿ ಹೇಳಿದೆ. ಅವರು ಗಣಿತದವರು, ಒಳ್ಳೆಯವರೇ, ಆದರೆ ಹಿಂದಿನ ವರ್ಷದ ಫಲಿತಾಂಶಕ್ಕೆ ಮೇಲಿನಿಂದ ನೋಟಿಸ್ ತಿಂದು ಹಣ್ಣಾಗಿದ್ದರು. ದಿನಾ ಬೆಳಗ್ಗೆ ವಿಶೇಷ ತರಗತಿಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕದಿದ್ದರೆ ಅವರಿಗೆ ತಿಂಡಿ ಇಳಿಯುತ್ತಿರಲಿಲ್ಲ.

"ಮೇಡಂ, ಆ ಮಹಾಯುದ್ಧದ ಪಾಠ ಬಿಟ್ಬಿಡಿ" ಎಂದರು. "ಇತಿಹಾಸದಲ್ಲಿ ಅದು ಕೊನೇ ಪಾಠ. ಪಾಸಾಗೋಕೆ ಸಾಕಾಗೋಷ್ಟು ಪ್ರಶ್ನೆ ಆರಿಸಿ ನಾವು ಮಾಡಿರೋ ಪಾಸಿಂಗ್ ಪ್ಯಾಕೇಜ್‌ನಲ್ಲೂ ಅದಿಲ್ಲ. ಭಾರತದ ಮ್ಯಾಪ್ ಮಾಡ್ಸಿ. ಮ್ಯಾಪ್ ಮಾಡಿದ ಮಗು ಮುಳುಗಲ್ಲ."

"ಸರ್, ಪಾಠ ಬಿಟ್ಟರೆ ತೊಂದರೆ ಇಲ್ಲ. ಅವರು ಬಿಟ್ಟಿಲ್ಲವಲ್ಲ, ಅದೇ ತೊಂದರೆ. ಎರಡೂ ಪಾಠ ಕಲಸಿಕೊಂಡು ಕೂತಿದ್ದಾರೆ. ಇದನ್ನು ಬಿಡಿಸದೆ ಇದ್ದರೆ ೧೮೫೭ಕ್ಕೆ ಆಸ್ಟ್ರಿಯಾದ ಯುವರಾಜ ಬರುತ್ತಾನೆ."

ಅವರು ನಕ್ಕು, ಒಂದು ವಾರ ಮಾತ್ರ ಎಂದರು.

ಒಂದು ವಾರವಂತೂ ಸಿಕ್ಕಿತು. ಪ್ರಪಂಚದ ಭೂಪಟ ಕೇಳಿದೆ. ಸ್ಟೋರ್ ರೂಮಿನಿಂದ ಬಂದದ್ದರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಕೆಂಪಗೆ ಅರ್ಧ ಗೋಡೆ ತುಂಬ ಹರಡಿಕೊಂಡಿತ್ತು, ಯುರೋಪ್ ಇರಬೇಕಾದ ಜಾಗವನ್ನು ಇಲಿ ತಿಂದಿತ್ತು. ಸ್ಮಾರ್ಟ್ ಕ್ಲಾಸಿನ ಟಿವಿ ಇತ್ತು, ಅದರ ವೈರು ಇರಲಿಲ್ಲ. ವೈರು ಬಂದ ದಿನ ಕರೆಂಟು ಇರಲಿಲ್ಲ. ಕೊನೆಗೆ ಬೆಂಚುಗಳನ್ನು ಸರಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಯುರೋಪ್ ಬರೆದೆ. ಇಟಲಿ ಬೂಟಿನ ಹಾಗೆ ಬಂದದ್ದು ಬಿಟ್ಟರೆ ಉಳಿದ ದೇಶಗಳೆಲ್ಲ ಗದ್ದೆಯ ಮಡಿಗಳ ಹಾಗೆ ಕಾಣುತ್ತಿದ್ದವು. ಒಂದೊಂದು ದೇಶದ ಮೇಲೆ ಒಬ್ಬೊಬ್ಬರನ್ನು ನಿಲ್ಲಿಸಿದೆ. ಜರ್ಮನಿ, ಆಸ್ಟ್ರಿಯಾ, ಇಟಲಿ ಒಂದು ಕೂಟ. ಇಂಗ್ಲೆಂಡ್, ಫ್ರಾನ್ಸ್, ರಷ್ಯಾ ಇನ್ನೊಂದು ಕೂಟ. ಒಬ್ಬರ ಮೇಲೆ ಬಿದ್ದರೆ ಜೊತೆಯವರು ಬರಬೇಕು ಎಂದು ಒಪ್ಪಂದ. ನಡುವೆ ಪುಟ್ಟ ಸರ್ಬಿಯಾ. ಯುವರಾಜ ಸತ್ತ. ಆಸ್ಟ್ರಿಯಾ ಸರ್ಬಿಯಾದ ಮೇಲೆ ಬಿತ್ತು. ಸರ್ಬಿಯಾಕ್ಕೆ ರಷ್ಯಾ ಬಂತು. ರಷ್ಯಾದ ಮೇಲೆ ಜರ್ಮನಿ, ಜರ್ಮನಿಯ ಮೇಲೆ ಫ್ರಾನ್ಸ್, ಆಮೇಲೆ ಇಂಗ್ಲೆಂಡ್. ಗಂಟಲು ಹರಿಯುವಂತೆ ಹೇಳಿ, ಬೆವರು ಒರೆಸಿಕೊಂಡು, "ಅರ್ಥವಾಯಿತಾ?" ಎಂದೆ.

"ಆಯ್ತು ಮಿಸ್" ಎಂದು ಇಡೀ ತರಗತಿ ರಾಗವಾಗಿ ಹೇಳಿತು. ಆ ರಾಗ ಕೇಳಿಯೇ ಏನೂ ಆಗಿಲ್ಲವೆಂದು ತಿಳಿಯಿತು.

ರಷ್ಯಾದ ಮೇಲೆ ನಿಂತಿದ್ದ ಹುಡುಗ ಕೈ ಎತ್ತಿದ. "ಮಿಸ್, ಇದು ಎಷ್ಟ್ ಮಾರ್ಕ್ಸ್‌ಗೆ ಬತ್ತದೆ?"

"ನಿಂತ್ಕೊಳೋ ಸುಮ್ಮನೆ. ಅರ್ಥವಾಗದ್ದು ಕೇಳು, ಮಾರ್ಕ್ಸ್ ಆಮೇಲೆ."

"ಅಂಗಾದ್ರೆ ಇನ್ನೊಂದ್ ಕೇಳ್ತೀನಿ. ಸತ್ತೋನು ಆಸ್ಟ್ರಿಯಾದೋನು. ಒಡುದೋನು ಇನ್ಯಾರೋ. ರಷ್ಯಾದೋನ್ಗೇನ್ ಮಿಸ್ ತುರ್ಕೆ? ಮನೇಲಿ ಇರ್ಬೇಕಪ್ಪ ತೆಪ್ಪಗೆ."

"ಒಪ್ಪಂದ ಇತ್ತಲ್ಲೋ. ಮಾತು ಕೊಟ್ಟಿದ್ದರು."

"ಕೊಟ್ಟಿದ್ರೆ? ಓಗ್ದಿದ್ರೆ ಏನಾಯ್ತಿತ್ತು?"

ಪ್ರಶ್ನೆ ಸರಿಯಾಗಿಯೇ ಇತ್ತು. ನನಗೆ ಅದಕ್ಕೇ ಸಿಟ್ಟು ಬಂತು. ಬಲ ಸಮತೋಲನ, ರಾಷ್ಟ್ರೀಯ ಗೌರವ, ಸ್ಲಾವ್ ಜನಾಂಗ ಎಂದು ನಾನು ಶುರು ಮಾಡಿದ್ದೇ ತಡ, ಹಿಂದಿನ ಸಾಲಿನವರು ಕಿಟಕಿಯ ಆಚೆ ನೋಡತೊಡಗಿದರು. ಕಿಟಕಿಯ ಆಚೆ ನಾಲೆ. ಆ ವರ್ಷ ಅಣೆಕಟ್ಟೆಯಲ್ಲಿ ನೀರಿದ್ದುದರಿಂದ ಬೇಸಿಗೆ ಬೆಳೆಗೂ ಬಿಟ್ಟಿದ್ದರು, ಊರೆಲ್ಲ ಭತ್ತದ ನಾಟಿಗೆ ಗದ್ದೆ ಹದ ಮಾಡುತ್ತಿತ್ತು. ಗೋಡೆಗೆ ಪಾಠ ಹೇಳಿದ್ದರೆ ಗೋಡೆಯಾದರೂ ನನ್ನ ಕಡೆ ನೋಡುತ್ತಿತ್ತೇನೋ.

ಆಗ ಜರ್ಮನಿಯ ಮೇಲೆ ನಿಂತಿದ್ದ ಲೀಡರ್ ಹುಡುಗಿ ತಿರುಗಿ ರಷ್ಯಾಕ್ಕೆ ಬೈದಳು. "ಅಷ್ಟೂ ಗೊತ್ತಾಗಲ್ವೇನ್ಲಾ? ಮುಯ್ಯಾಳು ಕಣ್ಲಾ. ನಿಮ್ಮನೆ ನಾಟಿಗೆ ನಮ್ಮವ್ವ ಬಂದಿದ್ರೆ ನಮ್ಮನೆ ನಾಟಿಗೆ ನಿಮ್ಮವ್ವ ಬರ್ಬೇಕು ತಾನೆ? ಬರ್ದಿದ್ರೆ ಮುಂದಿನ್ ಸಲ ನಿಮ್ಗ್ಯಾರ್ ಬತ್ತಾರೆ?"

ನಾನು ಸೀಮೆಸುಣ್ಣ ಕೆಳಗಿಟ್ಟೆ. ಕೂಲಿಯಿಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿದು, ದುಡಿಮೆಗೆ ದುಡಿಮೆಯನ್ನೇ ತೀರಿಸುವ ಮುಯ್ಯಾಳಿನ ಲೆಕ್ಕ ಆ ಮಕ್ಕಳಿಗೆ ಹುಟ್ಟಿನಿಂದ ಗೊತ್ತು. ಅಲ್ಲಿಂದ ಮುಂದೆ ಪಾಠ ನನ್ನ ಕೈಯಲ್ಲಿರಲಿಲ್ಲ. ಸರ್ಬಿಯಾಕ್ಕೆ ರಷ್ಯಾ ಯಾಕೆ ಹೋಗಬೇಕಾಯಿತು, ರಷ್ಯಾ ಹೊರಟಮೇಲೆ ಫ್ರಾನ್ಸ್ ಯಾಕೆ ಮನೆಯಲ್ಲಿ ಕೂರುವ ಹಾಗಿರಲಿಲ್ಲ ಎಂದು ಅವರವರೇ ಕಿತ್ತಾಡಿ ಬಗೆಹರಿಸಿಕೊಂಡರು. ಒಪ್ಪಂದಗಳು ಬಲವಾಗಿದ್ದಷ್ಟೂ ಜಗಳ ದೊಡ್ಡದಾಯಿತು ಎಂಬ ಮಾತನ್ನು ರಷ್ಯಾದ ಹುಡುಗನೇ ಹೇಳಿದ. ಅಷ್ಟು ವರ್ಷದ ಸರ್ವಿಸಿನಲ್ಲಿ ನಾನು ಅದನ್ನು ಅಷ್ಟು ಸಲೀಸಾಗಿ ಹೇಳಿದ್ದಿಲ್ಲ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಆ ಖುಷಿಯಲ್ಲಿದ್ದಾಗಲೇ ಕಿಟಕಿಯ ಪಕ್ಕದ ಹುಡುಗಿ ಎದ್ದು ನಿಂತಳು. ಜಾಸ್ತಿ ಮಾತಾಡುವವಳಲ್ಲ. ಪೆನ್ಸಿಲ್ ಡಬ್ಬಿಯ ಮೇಲೆ ಬುದ್ಧನ ಸ್ಟಿಕ್ಕರ್ ಅಂಟಿಸಿಕೊಂಡಿದ್ದ, ಊರಿನ ಕೆಳಗಿನ ಬೀದಿಯ ಹುಡುಗಿ. ದೇಶಗಳು ಸಾಲದೆ ಅವಳಿಗೆ ನಾನು ಯಾವ ಜಾಗವನ್ನೂ ಕೊಟ್ಟಿರಲಿಲ್ಲ.

"ಮಿಸ್, ನಮ್ ಬೀದಿಗೆ ಮುಯ್ಯಿ ಇಲ್ಲ."

"ಅಂದರೆ?"

"ನಮ್ಮವ್ವ ಎಲ್ರ ಗದ್ದೆಗೂ ಓಯ್ತಳೆ, ಕೂಲಿಗೆ. ನಮ್ದೂ ಅರ್ಧ ಎಕ್ರೆ ಅದೆ. ಅಲ್ಲಿಗೆ ಮೇಲಿನ್ ಬೀದಿಯೋರು ಯಾರೂ ಬರಲ್ಲ. ನಾವ್ ನಾವೇ ನಾಟಿ ಆಕೊತೀವಿ." ಸ್ವಲ್ಪ ತಡೆದು ಕೇಳಿದಳು, "ಈ ಯುದ್ಧದಲ್ಲಿ ನಮ್ಮಂಗೆ ಇದ್ದೋರ್ ಯಾರು ಮಿಸ್? ಕರೆದ್ರೆ ಓಗೋರು, ತಿರ್ಗ ಕರೆಯಕ್ಕಾಗ್ದೇ ಇರೋರು?"

ನಮ್ಮವರೇ, ಎಂದೆ. ಈ ದೇಶದ ಸಿಪಾಯಿಗಳು ಹಡಗು ಹತ್ತಿ ಹೋಗಿ, ಯಾರದೋ ಜಗಳಕ್ಕೆ ಚಳಿಯಲ್ಲಿ ಕಂದಕ ತೋಡಿಕೊಂಡು ಸತ್ತರು. ಮೈಸೂರು ಸಂಸ್ಥಾನದ ಕುದುರೆ ಪಡೆಯೂ ಹೋಗಿತ್ತು. ನಮ್ಮ ಪ್ಯಾಕೇಜಿನ ಯಾವ ಪ್ರಶ್ನೆಯಲ್ಲೂ ಅವರಿಲ್ಲ. ಅವಳು ಸರಿ ಎನ್ನುವಂತೆ ತಲೆಯಾಡಿಸಿ ಕೂತಳು. ಬೆಲ್ ಹೊಡೆಯಿತು.

ಮಾರನೆಯ ದಿನ ಬಸ್ಸಿಳಿದು ಶಾಲೆಯ ಗೇಟು ದಾಟುವಾಗಲೇ ಆಫೀಸಿನ ಮುಂದೆ ಬೈಕು ನಿಂತಿತ್ತು. ಎಸ್‌ಡಿಎಂಸಿ ಅಧ್ಯಕ್ಷರದು. ಶಾಲೆಯ ಉಸ್ತುವಾರಿಗೆ ಪೋಷಕರದೊಂದು ಸಮಿತಿ ಇರುತ್ತದಲ್ಲ, ಅದರ ಮುಖ್ಯಸ್ಥರು. ಮೇಲಿನ ಬೀದಿಯವರು, ನಾಲೆಯ ಬುಡದಲ್ಲೇ ಗದ್ದೆಯಿರುವವರು, ಲೀಡರ್ ಹುಡುಗಿಯ ತಂದೆ. ಹುಡುಗಿ ರಾತ್ರಿ ಊಟಕ್ಕೆ ಕೂತಾಗ, ಕೆಳಗಿನ ಬೀದಿಯವರ ಗದ್ದೆಗೆ ನಾವ್ಯಾಕಪ್ಪ ಮುಯ್ಯಿ ಹೋಗಲ್ಲ ಎಂದು ಅಪ್ಪನನ್ನೇ ಕೇಳಿದ್ದಳಂತೆ.

"ಕೂತ್ಕೊಳಿ ಮೇಡಮ್ಮೋರೆ" ಎಂದು ಅವರೇ ನನಗೆ ಕುರ್ಚಿ ತೋರಿಸಿದರು. ಮಾತು ಮೆತ್ತಗಿತ್ತು. "ನಾವೇನು ಓದಿದೋರಲ್ಲ. ಆದ್ರೂ ಕೇಳ್ತೀನಿ, ಯುದ್ಧದ ಪಾಠಕ್ಕೆ ನಮ್ ಗದ್ದೆ ಯಾಕ್ ಬಂತು?"

"ಅರ್ಥವಾಗಲಿ ಅಂತ ಬಂತು. ನಿಮ್ಮ ಮಗಳೇ ಅದನ್ನು ಹೇಳಿದ್ದು. ಚೆನ್ನಾಗಿ ಹೇಳಿದಳು."

"ಅವ್ಳು ಯೋಳಿದ್ದು ಇರ್ಲಿ. ಆ ಇನ್ನೊಂದ್ ಉಡುಗಿ ಯೋಳದ್ಲಲ್ಲ, ಅದು? ಊರಂದ್ಮೇಲೆ ಒಂದ್ ಬರ್ತದೆ ಒಂದ್ ಓಯ್ತದೆ. ಅದ್ನ ತಂದು ಮಕ್ಕಳ ಮುಂದೆ ಬಿಚ್ಚಿದ್ರೆ, ನಾಳೆ ಇನ್ನೊಂದ್ ಆಗುತ್ತೆ. ನಂಗ್ ಅದರ್ ಮೇಲೆ ಕೋಪ ಇಲ್ಲ. ಎಲ್ರ ಮುಂದೆ ಆಡದ್ಲು, ಎಲ್ರ ಮುಂದೆ ತಪ್ಪಾಯ್ತು ಅಂತ ಒಂದ್ ಮಾತ್ ಅನ್ಲಿ. ಅಲ್ಲಿಗ್ ಮುಗೀತು."

ಬೈಕು ಹೋದಮೇಲೆ ಮುಖ್ಯ ಶಿಕ್ಷಕರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಸೋಮವಾರ ಪ್ರಾರ್ಥನೆ ಹೊತ್ತಲ್ಲಿ ಹೇಳಿಸಿಬಿಡೋಣ ಮೇಡಂ. ಒಂದು ಮಾತು ತಾನೆ?"

"ಯಾವುದಕ್ಕೆ ತಪ್ಪಾಯ್ತು ಅನ್ನಬೇಕು ಸರ್? ಪಾಠದಲ್ಲಿ ಪ್ರಶ್ನೆ ಕೇಳಿದ್ದಕ್ಕಾ? ಇಡೀ ಕ್ಲಾಸಿನಲ್ಲಿ ಪಾಠ ಅರ್ಥ ಮಾಡಿಕೊಂಡು ಪ್ರಶ್ನೆ ಕೇಳಿದವಳು ಅವಳೊಬ್ಬಳೇ."

"ನೀವು ನಿಯೋಜನೆ ಮೇಲೆ ಬಂದೋರು. ಮಾರ್ಚ್ ಆದ್ಮೇಲೆ ನಂಜನಗೂಡಲ್ಲಿ ಆರಾಮಾಗಿರ್ತೀರಿ. ಬಿಸಿಯೂಟದ ಕೋಣೆ ಚಾವಣಿ ಸೋರಿದ್ರೆ ನಾನು ಅವರ ಮನೆ ಬಾಗಿಲಿಗೇ ಹೋಗ್ಬೇಕು" ಎಂದರು. ಅದೂ ನಿಜವೇ. ನಿಜವಾದ್ದರಿಂದಲೇ ನನ್ನ ಮೈ ಉರಿಯಿತು. ಈ ಊರಿನಲ್ಲಿ ಪ್ರತಿಯೊಬ್ಬರ ಮಾತೂ ಅವರವರ ಮಟ್ಟಿಗೆ ಸರಿಯಾಗಿರುತ್ತದೆ, ಎಲ್ಲ ಸರಿಗಳನ್ನೂ ಕೂಡಿಸಿದರೆ ಒಂದು ಮಗು ಪ್ರಾರ್ಥನೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ.

ಶನಿವಾರ ಬೆಳಗ್ಗೆ ಹುಡುಗಿಯ ತಾಯಿ ಬಂದರು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದಿದ್ದರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಮಗಳ ತೋಳು ಹಿಡಿದು ನನ್ನ ಮುಂದೆ ನಿಲ್ಲಿಸಿದರು.

"ಮೇಡಮ್ಮೋರೆ, ಇವ್ಳಿಗೆ ಬುದ್ಧಿ ಯೋಳಿ. ಮುಂದಿನ್ ವಾರ ಅವ್ರ ನಾಟಿಗೆ ನಮ್ಮನ್ನೇ ಕರುದವ್ರೆ. ತಪ್ಪಾಯ್ತು ಅಂದ್ಬುಡು ಅತ್ಲಾಗೆ ಅಂತ ರಾತ್ರಿಯಿಂದ ಬಡ್ಕೊತಿವ್ನಿ. ಬಾಯೇ ಬುಡ್ತಿಲ್ಲ."

ಹುಡುಗಿ ಅವ್ವನ ಕಡೆ ನೋಡದೆ ನನ್ನನ್ನೇ ಕೇಳಿದಳು. "ನಾನೇನಾದ್ರೂ ಸುಳ್ಳೇಳಿದ್ನಾ ಮಿಸ್?"

"ಇಲ್ಲ."

"ಮತ್ತೆ?"

ನೀನೇ ಕ್ಷಮೆ ಕೇಳಿಬಿಡು, ಊರಿನ ಸಹವಾಸ ಬೇಡ ಎಂದು ನಾನೂ ಹೇಳಬಹುದಿತ್ತು. ಹೇಳಿದ್ದರೆ ಅವಳು ಕೇಳಿಯೂಬಿಡುತ್ತಿದ್ದಳು, ಯಾಕೆಂದರೆ ಅವ್ವನ ಮುಖ ನೋಡಿದರೆ ಯಾರೇ ಆದರೂ ಕೇಳುವಂತಿತ್ತು. ಆಮೇಲೆ ಅವಳು ಜನ್ಮದಲ್ಲಿ ತರಗತಿಯಲ್ಲಿ ಎದ್ದು ನಿಲ್ಲುವುದಿಲ್ಲ ಎಂಬುದು ಮಾತ್ರ ನನಗೆ ಖಾತ್ರಿಯಿತ್ತು. ಪಾಠ ಬಿಟ್ಟು ಮ್ಯಾಪು ಮಾಡಿಸಿದ್ದರೆ ಈ ಪೀಕಲಾಟವೇ ಇರುತ್ತಿರಲಿಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಬೈದುಕೊಂಡು ಮುಖ್ಯ ಶಿಕ್ಷಕರ ಕೊಠಡಿಗೆ ಹೋದೆ.

"ಸೋಮವಾರ ಪ್ರಾರ್ಥನೆಯಲ್ಲಿ ಏನೂ ಬೇಡ ಸರ್. ಮೊದಲ ಪೀರಿಯಡ್ ನನಗೆ ಕೊಡಿ. ಅಧ್ಯಕ್ಷರು ಬಂದು ತರಗತಿಯಲ್ಲಿ ಕೂರಲಿ. ಹುಡುಗಿಯ ತಾಯಿಯೂ ಬರಲಿ. ಅದೇ ಪಾಠ ಮತ್ತೊಮ್ಮೆ ಮಾಡುತ್ತೇನೆ. ಕೇಳಿದ ಮೇಲೂ ತಪ್ಪು ಎನಿಸಿದರೆ ಮಂಗಳವಾರ ಪ್ರಾರ್ಥನೆಯಲ್ಲಿ ನಾನು ಕ್ಷಮೆ ಕೇಳುತ್ತೇನೆ, ಮಗುವಲ್ಲ. ಪಾಠ ನನ್ನದು."

"ಅವರು ಬರ್ತಾರೆ ಅಂತೀರಾ?"

"ಪೋಷಕರ ಭೇಟಿ ಅಂತ ಫೋಟೋ ತೆಗೆದು ಗುಂಪಿಗೆ ಹಾಕಬಹುದು ಸರ್."

ಅದು ನಾಟಿತು. ಫೋನು ಎತ್ತಿಕೊಂಡರು.

ಸೋಮವಾರ ನಾನು ಬೇಗ ಹೋಗಿ ನೆಲದ ಮೇಲೆ ಯುರೋಪ್ ಮತ್ತೆ ಬರೆದೆ. ಈ ಸಲ ಕೋಣೆಯ ಇನ್ನೊಂದು ಮೂಲೆಯಲ್ಲಿ, ಬಾಗಿಲ ಹತ್ತಿರ, ಭಾರತವನ್ನೂ ಬರೆದೆ. ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಹುಡುಗಿಯ ತಾಯಿ ಬಾಗಿಲ ಹೊರಗೇ ಕಂಬಕ್ಕೆ ಒರಗಿ ನಿಂತರು. ಒಳಗೆ ಬನ್ನಿ ಎಂದು ಮೂರು ಬಾರಿ ಕರೆದ ಮೇಲೆ ಹಿಂದಿನ ಬೆಂಚಿನ ತುದಿಯಲ್ಲಿ, ಎದ್ದು ಹೋಗಲು ಅನುಕೂಲವಾಗುವಂತೆ ಕೂತರು.

ಪಾಠ ಶುರು ಮಾಡಿದೆ. ಮೊದಮೊದಲು ಅಧ್ಯಕ್ಷರು ಕೈಕಟ್ಟಿ, ಫ್ಯಾನಿನ ಕಡೆ ನೋಡುತ್ತ ಕೂತಿದ್ದರು. ಆಸ್ಟ್ರಿಯಾ ಸರ್ಬಿಯಾಕ್ಕೆ ಕಟುವಾದ ಷರತ್ತುಗಳನ್ನು ಹಾಕಿದ್ದು ಬಂದಾಗ ಕೈ ಬಿಚ್ಚಿದರು. ಜರ್ಮನಿ ಅದರ ಬೆನ್ನಿಗೆ ನಿಂತದ್ದು ಬಂದಾಗ ಮುಂದಕ್ಕೆ ಬಾಗಿದರು. ಊರಿನ ಎಷ್ಟು ಪಂಚಾಯ್ತಿ ನೋಡಿದವರೋ, ಅವರಿಗೆ ತಡೆಯಲಾಗಲಿಲ್ಲ.

"ಅದೇ ತಪ್ಪು ನೋಡಿ. ಇಂದೆ ನಿಂತು ಗಾಳಿ ಆಕ್ದೋನು ಅವ್ನು. ಇಲ್ದಿದ್ರೆ ಇವ್ನಿಗೆಲ್ಲಿ ಅಷ್ಟ್ ಧೈರ್ಯ ಬರೋದು?" ಎಂದರು.

"ಮುಯ್ಯಿ ಇತ್ತಲ್ಲ ಸರ್, ಜರ್ಮನಿ ಬರಬೇಕಾಯಿತು."

"ಆ ಕಡೆ ಮೂರನೇಯೋನು ಒಬ್ಬ ಇದ್ನಲ್ಲ, ಬೂಟ್ನಂಗೆ ಇರೋನು? ಅವ್ನ್ ಬಂದ್ನೊ?"

"ಇಟಲಿ. ಬರಲಿಲ್ಲ. ನಿಮ್ಮ ಜಗಳ ನೀವೇ ತೆಗೆದದ್ದು, ನಮ್ಮ ಒಪ್ಪಂದ ಅದಕ್ಕಲ್ಲ ಎಂದು ಮನೆಯಲ್ಲೇ ಕೂತ. ಮುಂದಿನ ವರ್ಷ ಈಚೆ ಕಡೆಯವರನ್ನೇ ಸೇರಿಕೊಂಡ."

"ಅಯ್ಯೋ, ಅಂತೋನು ನಮ್ಮೂರಲ್ಲೂ ಒಬ್ಬ ಅವ್ನೆ" ಎಂದು ತೊಡೆ ತಟ್ಟಿಕೊಂಡು ನಕ್ಕರು. ಮಕ್ಕಳೂ ನಕ್ಕರು. ಹಿಂದಿನ ಬೆಂಚಿನಲ್ಲಿ ಆ ತಾಯಿಯೂ ಸೆರಗು ಬಾಯಿಗೆ ಹಿಡಿದುಕೊಂಡರು, ಯಾರು ಎಂಬುದು ಅವರಿಗೂ ಗೊತ್ತಿದ್ದಿರಬೇಕು.

ನಾನು ಭಾರತದ ಬಳಿಗೆ ಬಂದೆ. ಕಿಟಕಿಯ ಪಕ್ಕದ ಹುಡುಗಿಯನ್ನು ಕರೆದು ಅದರ ಮೇಲೆ ನಿಲ್ಲಿಸಿದೆ. ಇಂಗ್ಲೆಂಡ್ ಯಾವ ಕೂಟಕ್ಕೆ ಸೇರಬೇಕು, ಯಾಕೆ ಸೇರಬೇಕು ಎಂದು ಇವಳನ್ನು ಯಾರೂ ಕೇಳಿರಲಿಲ್ಲ ಎಂದೆ. ಯುದ್ಧಕ್ಕೆ ಮಾತ್ರ ಕರೆದರು. ಹೋದರು. ಸಂಬಳಕ್ಕೆ ಹೋದರು, ಸತ್ತರು. ಯುದ್ಧ ಮುಗಿದ ಮೇಲೆ ನಮಗೂ ಸ್ವರಾಜ್ಯ ಕೊಡುತ್ತಾರೆಂದು ಇಲ್ಲಿ ಕಾದು ಕೂತರು. ಬಂದದ್ದು ವಿಚಾರಣೆಯಿಲ್ಲದೆ ಹಿಡಿದು ಜೈಲಿಗೆ ಹಾಕುವ ಕಾಯಿದೆ.

"ಅದು ಮೋಸ ಅಲ್ವ ಮೇಡಮ್ಮೋರೆ!" ಎಂದರು ಅಧ್ಯಕ್ಷರು. ನಿಜವಾಗಿಯೂ ಸಿಟ್ಟು ಬಂದಿತ್ತು ಅವರಿಗೆ. "ದುಡಿಯೋದಕ್ ಬೇಕು, ಲೆಕ್ಕಕ್ ಬ್ಯಾಡ್ವ?"

"ಅದ್ನೇ ಸಾ ನಾನೇಳಿದ್ದು" ಎಂದಳು ಹುಡುಗಿ.

ಮೆಲ್ಲಗೇ ಹೇಳಿದಳು. ಜಗಳದ ದನಿಯಿರಲಿಲ್ಲ, ಪ್ರಶ್ನೆಗೆ ಉತ್ತರ ಕೊಡುವ ದನಿ. ಅಧ್ಯಕ್ಷರ ಬಾಯಿ ತೆರೆದದ್ದು ಹಾಗೇ ಇತ್ತು. ಲೀಡರ್ ಹುಡುಗಿ ಜರ್ಮನಿಯ ಮೇಲೆ ನಿಂತು ಅಪ್ಪನ ಮುಖವನ್ನೂ ಗೆಳತಿಯ ಮುಖವನ್ನೂ ಸರದಿಯಲ್ಲಿ ನೋಡುತ್ತಿದ್ದಳು. ಅಷ್ಟಕ್ಕೇ ನಿಲ್ಲಲಿ ಎಂದುಕೊಂಡೆ. ಅವಳು ನಿಲ್ಲಿಸಲಿಲ್ಲ.

"ನಮ್ದು ಅರ್ಧ ಎಕ್ರೆ, ನಾಲೆ ಕೊನೇಲಿ. ಬುಧವಾರ ನಾಟಿ. ನಿಮ್ಮನೆಯಿಂದ ಬತ್ತೀರಾ ಸಾ? ನಿಮ್ದು ಯಾವತ್ತೋ ಆವತ್ತು ನಾನ್ ಬತ್ತೀನಿ."

"ಏ ಸುಮ್ಕಿರೇ!" ಎಂದು ಹಿಂದಿನಿಂದ ಅವಳ ತಾಯಿ ಎದ್ದೇಬಿಟ್ಟರು. "ಮಗ, ಗೊತ್ತಾಗಲ್ಲ ಯಜಮಾನ್ರೆ, ಏನೋ ಅಂತದೆ..."

ಅಧ್ಯಕ್ಷರು ಎದ್ದು ಷರ್ಟು ಸರಿಮಾಡಿಕೊಂಡರು. ಯಾರ ಮುಖವನ್ನೂ ನೋಡದೆ, "ನೋಡಾಣ" ಎಂದು ಹೊರಟರು. ನೋಡೋಣ ಎಂದರೆ ಏನೆಂದು ಸರ್ಕಾರಿ ನೌಕರಿ ಮಾಡಿದ ಯಾರಿಗೂ ವಿವರಿಸಬೇಕಾಗಿಲ್ಲ. ಮಂಗಳವಾರದ ಪ್ರಾರ್ಥನೆಯಲ್ಲಿ ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ, ಅಧ್ಯಕ್ಷರು ಆ ವಿಷಯ ಮತ್ತೆ ಎತ್ತಲೂ ಇಲ್ಲ. ಮುಖ್ಯ ಶಿಕ್ಷಕರು ದೀರ್ಘವಾಗಿ ಉಸಿರು ಬಿಟ್ಟು, "ಇನ್ನಾದ್ರೂ ಮ್ಯಾಪ್ ಮಾಡ್ಸಿ ಮೇಡಂ" ಎಂದರು.

ಬುಧವಾರ ಬೆಳಗ್ಗೆ ವಿಶೇಷ ತರಗತಿಗೆ ಭಾರತದ ಭೂಪಟ ಹಿಡಿದುಕೊಂಡು ಹೋದೆ. ಕಿಟಕಿಯ ಪಕ್ಕದ ಹುಡುಗಿ ಇರಲಿಲ್ಲ. ಅದು ಗೊತ್ತಿದ್ದದ್ದೇ. ಲೀಡರ್ ಇರಲಿಲ್ಲ. ಅವಳ ಪಕ್ಕ ಕೂರುವ ಇಬ್ಬರೂ ಇರಲಿಲ್ಲ. ಹೇಳಿಕೊಡುವವರಿಲ್ಲದೆ ಉಳಿದವರು ಬಾಯಿಪಾಠವನ್ನೂ ಮಾಡದೆ ಹರಟುತ್ತಿದ್ದರು. ನಮ್ಮ ಗ್ರಹಚಾರಕ್ಕೆ ತಾಲ್ಲೂಕಿನಿಂದ ವಿಶೇಷ ತರಗತಿ ನೋಡಲು ಅಧಿಕಾರಿಯೊಬ್ಬರು ಬಂದದ್ದೂ ಅವತ್ತೇ.

"ಪರೀಕ್ಷೆ ಹತ್ತಿರ ಬಂತು, ಇಷ್ಟು ಗೈರು ಹಾಜರಿ ಯಾಕ್ರೀ?" ಎಂದರು ಅಧಿಕಾರಿ.

ರಷ್ಯಾದ ಹುಡುಗ ಎದ್ದು ನಿಂತು ಬಹಳ ವಿನಯದಿಂದ ವಿವರಿಸಿದ. "ನಾಟಿಗೆ ಓಗವ್ರೆ ಸಾ. ಮೊದಲ್ನೇ ಮಹಾಯುದ್ಧ ಸಾ."

ಅಧಿಕಾರಿ ನನ್ನ ಮುಖ ನೋಡಿದರು. ಮುಖ್ಯ ಶಿಕ್ಷಕರು ಗೋಡೆ ನೋಡಿದರು. ನಾನು ಎಲ್ಲಿ ನೋಡಿದೆನೋ ನನಗೇ ನೆನಪಿಲ್ಲ. ಅಧಿಕಾರಿ ಜೀಪು ಹತ್ತಿದ ಮೇಲೆ ಆಫೀಸಿನಲ್ಲಿ ಮುಖ್ಯ ಶಿಕ್ಷಕರಿಂದ ನನಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಬೈಯುವುದಕ್ಕೆ ಅವರಿಗೆ ಹಕ್ಕಿತ್ತು.

ಗುರುವಾರ ಲೀಡರ್ ಬಂದಳು. ಕಾಲುಗುರುಗಳ ಸಂದಿಯಲ್ಲಿ ಕೆಸರು ಇನ್ನೂ ಹೋಗಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿದೆ, "ಅಪ್ಪನಿಗೆ ಹೇಳಿ ಹೋಗಿದ್ದೆಯಾ?"

"ಯೋಳ್ದೆ ಮಿಸ್. ಏನೂ ಅನ್ನಿಲ್ಲ, ಎದ್ದು ಒರ್ಗಡೆ ಓಯ್ತು. ಅಪ್ಪ ಬರಲ್ಲ ಅಂತ ನಂಗೂ ಗೊತ್ತಿತ್ತು. ನಾವ್ ಮೂರ್ ಜನ ಓಗಿದ್ದೋ."

"ಪರೀಕ್ಷೆ ಬಂತಲ್ಲೇ!"

"ಮಧ್ಯಾನಕ್ಕೇ ಮುಗೀತು ಮಿಸ್. ಅರ್ಧ ಎಕ್ರೆ ತಾನೆ" ಎಂದಳು, ನಾನೇ ದಡ್ಡಿ ಎಂಬಂತೆ.

ಶುಕ್ರವಾರ ಮತ್ತೆ ಕಿಟಕಿಯ ಪಕ್ಕದ ಜಾಗ ಖಾಲಿ. ಶನಿವಾರವೂ ಖಾಲಿ. ಆ ಇಬ್ಬರು ಗೆಳತಿಯರ ಮನೆಗಳಲ್ಲಿ ಆಳು ಬೇಡವೆಂದಿದ್ದರಂತೆ, ಲೀಡರ್ ಮನೆಯ ನಾಟಿ ಮಾತ್ರ ಎರಡು ದಿನ. ಬಂದದ್ದನ್ನು ತೀರಿಸಲು ಹುಡುಗಿ ಹೋಗಿದ್ದಳು. ನನ್ನ ಕೋಪ ನೆತ್ತಿಗೇರಿತು. ನದಿಗಳನ್ನು ಅವಳಿನ್ನೂ ಸರಿಯಾಗಿ ಗುರುತಿಸುತ್ತಿರಲಿಲ್ಲ, ಬಂದರುಗಳಂತೂ ಕಲಸುಮೇಲೋಗರ. ಇತಿಹಾಸ ಅರ್ಥ ಮಾಡಿಸಲು ಹೋಗಿ ಭೂಗೋಳದಲ್ಲಿ ಮಗುವನ್ನು ಮುಳುಗಿಸಿದೆನೆಂದು ಶನಿವಾರ ಬಸ್ಸಿನುದ್ದಕ್ಕೂ ಹಲ್ಲು ಕಡಿದುಕೊಂಡು ಬಂದೆ.

ಸೋಮವಾರ ಅವಳು ಬಂದಾಗ ವರಾಂಡಕ್ಕೆ ಕರೆದೆ. ಚೆನ್ನಾಗಿ ಬೈಯಬೇಕೆಂದೇ ಕರೆದಿದ್ದೆ.

"ಎರಡು ದಿನ! ಒಂದು ದಿನಕ್ಕೆ ಒಂದು ದಿನ ತಾನೆ ಮುಯ್ಯಿ?"

"ಅವ್ರು ಮೂರಾಳು ಬಂದಿದ್ರಲ್ಲ ಮಿಸ್. ಇನ್ನೂ ಒಂದಿನ ನಂದೇ ಬಾಕಿ. ಪರೀಕ್ಷೆ ಆದ್ಮೇಲೆ ಕಳೆ ತೆಗಿಯಕ್ ಬತ್ತೀನಿ ಅಂದಿವ್ನಿ."

"ನಿನ್ನ ಅವ್ವನೂ ಅಲ್ಲೇ ಇದ್ದರಾ?"

"ಇದ್ಲು. ಅವ್ಳು ಕೂಲಿಗೆ, ನಾನ್ ಮುಯ್ಯಿಗೆ. ಒಂದೇ ಸಾಲಲ್ಲಿ ಪೈರು ನೆಡ್ತಿದ್ದೋ."

ಕೇಳಬಾರದೆಂದುಕೊಂಡೂ ಕೇಳಿದೆ. "ಊಟ ಎಲ್ಲಿ ಕೊಟ್ಟರು?"

"ಬದಿನ್ ಮೇಲೆ ಮಿಸ್. ಮುಯ್ಯಾಳು ಮನೆಯೋರ್ ಜೊತೆ ಉಣ್ಣೋದು ತಾನೆ. ಲೀಡರ್ ಅವ್ವ ಏನ್ ಮಾಡ್ಬೇಕು ಅಂತ ಒಂದ್ ಗಳಿಗೆ ನಿಂತ್ಕಂತು. ನಾನ್ ಓಗಿ ಲೀಡರ್ ಪಕ್ಕ ಕೂತ್ಕಬುಟ್ಟೆ. ಬಡುಸ್ತು." ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. "ಅವ್ರ ಬಿಂದಿಗೇಲೇ ನೀರು ಮೊಕ್ಕೊಂಡ್ ಕುಡುದೆ. ಯಾರೂ ಏನೂ ಅನ್ನಿಲ್ಲ."

"ನಿಮ್ಮವ್ವ?"

"ಅವ್ವ ಅತ್ಲಾಗೆ ಮರದ ಕೆಳಗೆ, ಕೂಲಿಯೋರ್ ಜೊತೆ. ಮನೆಯಿಂದ ಬಾಟ್ಲಿ ತಂದಿದ್ಲು ಮಿಸ್, ಇಬ್ರಿಗೂ ಅಂತ. ಒಬ್ಳೇ ಕುಡುದ್ಲು."

ಬೈಯಲು ಕರೆದವಳು ನಾನು. ಅಲ್ಲೇ ವರಾಂಡದ ನೆಲದ ಮೇಲೆ ಭಾರತದ ಭೂಪಟ ಬಿಡಿಸಿ, ಅವಳ ಪಕ್ಕ ಕೂತು ನದಿಗಳಿಂದ ಶುರು ಮಾಡಿದೆ.